ಒಂದು ಸ್ವರ ಕೆಳಗೆ

ಮೊನ್ನೆ ಲೆಸ್ಟರಿನಲ್ಲಿ ಕನ್ನಡದವರ ಊಟಕ್ಕೆ ಹೋಗಿದ್ದಾಗ ಪಕ್ಕದ ಕುರ್ಚಿಯಲ್ಲಿ ಶರಣ್ಯ ಎಂಬ ಹುಡುಗಿ ಕೂತಿದ್ದಳು. ಮೈಸೂರಿನವಳು, ಬರ್ಮಿಂಗ್‌ಹ್ಯಾಮಿನಲ್ಲಿ ಸಂಗೀತ ಓದುತ್ತಿದ್ದಾಳೆ.

"ಆಂಟಿ, ನಂಗೊಂದು ಕ್ವೈರ್‌ನಲ್ಲಿ ಪಿಯಾನೊ ನುಡಿಸೋ ಕೆಲಸ ಸಿಕ್ಕಿದೆ. ನೀವು ಅದನ್ನೇ ಹತ್ತು ವರ್ಷ ಮಾಡಿದೀರಂತಲ್ಲ, ಹೇಗಿರತ್ತೆ?" ಎಂದು ಕೇಳಿದಳು.

"ಚೆನ್ನಾಗಿರತ್ತೆ ಕಣಮ್ಮ" ಎಂದುಬಿಟ್ಟೆ. ಪಾಯಸ ಬಂತು, ಮಾತು ಬೇರೆ ಕಡೆ ತಿರುಗಿತು. ವುಲ್ವರ್‌ಹ್ಯಾಂಪ್ಟನ್ನಿಗೆ ವಾಪಸು ಬರುವಾಗ ಕಾರಿನಲ್ಲಿ ನನಗೇ ನಾಚಿಕೆಯಾಯಿತು. ಚೆನ್ನಾಗಿರಲಿಲ್ಲ. ಕೆಲವು ದಿನ ತುಂಬ ಚೆನ್ನಾಗಿತ್ತು, ಅದು ನಿಜ. ಆದರೆ ಈಗ ನೆನಪಿಗೆ ಬರುವುದು ಆ ದಿನಗಳಲ್ಲ.

ಮೊದಲು ಕೆಲಸವೇನೆಂದು ಹೇಳಿಬಿಡುತ್ತೇನೆ. ಕ್ವೈರ್ ಎಂದರೆ ನಾಲ್ಕು ಬಗೆಯ ಧ್ವನಿಗಳು ನಾಲ್ಕು ಬೇರೆ ಸಾಲುಗಳನ್ನು ಒಟ್ಟಿಗೆ ಹಾಡುವ ಗುಂಪು. ನಮ್ಮದರಲ್ಲಿ ಅರವತ್ತು ಜನ. ನರ್ಸುಗಳು, ಮೇಷ್ಟ್ರುಗಳು, ನಗರಸಭೆಯ ನೌಕರರು, ನಿವೃತ್ತರು. ಹೆಚ್ಚಿನವರಿಗೆ ಸ್ವರಲಿಪಿ ಅರ್ಧಂಬರ್ಧ ಗೊತ್ತು. ಮಂಗಳವಾರ ಸಂಜೆ ಶಾಲೆಯ ಹಾಲಿನಲ್ಲಿ ಅಭ್ಯಾಸ. ಪಿಯಾನೊದವಳು ಒಬ್ಬೊಬ್ಬರ ಸಾಲನ್ನು ಬೇರೆ ಬೇರೆಯಾಗಿ, ಹತ್ತು ಸಲ, ಇಪ್ಪತ್ತು ಸಲ ನುಡಿಸಿ ಅವರ ಕಿವಿಗೆ ಹಾಕಬೇಕು. ತಪ್ಪಿದಾಗ ನಿಲ್ಲಬೇಕು, ನಿರ್ದೇಶಕ ಬೆರಳು ತೋರಿಸಿದ ಜಾಗದಿಂದ ತಕ್ಷಣ ಹಿಡಿಯಬೇಕು. ಮೂರು ತಿಂಗಳು ಹೀಗೆ ಸಾಗಿ ಹಾಡು ಕೂತುಕೊಂಡ ಮೇಲೆ, ವಾದ್ಯವಿಲ್ಲದೆ ಹಾಡುವ ಹಾಡಾದರೆ, ಕಛೇರಿಯ ದಿನ ಪಿಯಾನೊ ಬೇಕಾಗುವುದಿಲ್ಲ. ಶುರುವಿನ ಸ್ವರ ಕೊಟ್ಟು ಸುಮ್ಮನೆ ಕೂರುವುದಷ್ಟೇ ಕೆಲಸ. ಜನ ಚಪ್ಪಾಳೆ ತಟ್ಟುವಾಗ ನಿಮ್ಮ ಕೈ ಮಡಿಲಲ್ಲಿರುತ್ತದೆ.

ನಾನು ಧಾರವಾಡದವಳು. ಅಪ್ಪ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು, ನನಗೆ ಪಿಯಾನೊ ಕಲಿಸಿದ್ದು ಅಲ್ಲಿಯ ಮಿಷನ್ ಶಾಲೆಯ ಟೀಚರು. ಗಂಡ ಪ್ರಭಾಕರ ಡಾಕ್ಟರಾಗಿ ಇಲ್ಲಿಯ ಆಸ್ಪತ್ರೆಗೆ ಬಂದಾಗ ಹಿಂದೆ ಬಂದೆ. ಮಗಳು ದೊಡ್ಡ ಶಾಲೆಗೆ ಸೇರಿದ ಮೇಲೆ, ತೊಂಬತ್ತಾರರಲ್ಲಿ, ಈ ಕೆಲಸ ಹಿಡಿದೆ. ಹಗಲು ಎರಡು ಶಾಲೆಗಳಲ್ಲೂ ನುಡಿಸುತ್ತಿದ್ದೆ, ಆದರೆ ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಆಗಿನ ನಿರ್ದೇಶಕರು ಹೆರಾಲ್ಡ್. ನಿವೃತ್ತ ಮೇಷ್ಟ್ರು, ನನ್ನ ಅಪ್ಪನಿಗಿಂತ ಹಿರಿಯರು. ಅವರನ್ನು ಬರೀ ಹೆಸರು ಹಿಡಿದು ಕರೆಯಲು ಆರು ತಿಂಗಳು ನಾಲಿಗೆ ಏಳಲಿಲ್ಲ. ಮೊದಲ ಕಛೇರಿಯಲ್ಲೇ ನಾನು ದೊಡ್ಡ ತಪ್ಪು ಮಾಡಿದೆ. ವಾದ್ಯವಿಲ್ಲದ ಹಾಡೊಂದಕ್ಕೆ ಸ್ವರ ಕೊಡಬೇಕಿತ್ತು. ಫೋಲ್ಡರಿನಲ್ಲಿ ಮುಂದಿನ ಹಾಡಿನ ಪುಟ ತೆರೆದಿತ್ತು, ಅದರ ಸ್ವರ ಕೊಟ್ಟೆ. ಇರಬೇಕಾದದ್ದಕ್ಕಿಂತ ನಾಲ್ಕು ಮೆಟ್ಟಿಲು ಮೇಲೆ. ಎರಡು ಸಾಲು ಹೇಗೋ ಹಾಡಿದರು, ಮೂರನೆಯದರಲ್ಲಿ ಹೆಂಗಸರ ಧ್ವನಿ ಕಿರುಚಾಟವಾಯಿತು. ಹೆರಾಲ್ಡ್ ಕೈ ಎತ್ತಿ ನಿಲ್ಲಿಸಿದರು. ಸಭೆಯ ಕಡೆ ತಿರುಗಿ, "ಕ್ಷಮಿಸಿ, ಕೊನೇ ಗಳಿಗೆಯಲ್ಲಿ ಹಾಡಿನ ಕ್ರಮ ಬದಲಿಸಿದ್ದು ನಾನು. ತಪ್ಪು ನನ್ನದು" ಎಂದರು. ಅವರು ಏನನ್ನೂ ಬದಲಿಸಿರಲಿಲ್ಲ. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಮೊದಲು ಹಾಡಿನ ಹೆಸರು ಓದು, ಆಮೇಲೆ ಸ್ವರ ಕೊಡು." ಆ ಸಂಜೆಯಿಂದ ನಾನು ಅವರ ಕಡೆಯವಳಾದೆ.

ಅವರ ದೋಷವನ್ನೂ ಹೇಳಬೇಕು. ಯಾರಿಗೂ ಕಹಿ ಸತ್ಯ ಹೇಳುವ ಎದೆ ಅವರಿಗಿರಲಿಲ್ಲ. ಧ್ವನಿ ಹೋದವರೂ ಹಾಡುತ್ತಿದ್ದರು. ವಾದ್ಯವಿಲ್ಲದೆ ಹಾಡಿದಾಗ ಇಡೀ ಗುಂಪು ಶ್ರುತಿಯಿಂದ ಮೆಲ್ಲಗೆ ಕೆಳಗೆ ಜಾರುತ್ತಿತ್ತು. ಹಾಡು ಮುಗಿದ ಮೇಲೆ ಹೆರಾಲ್ಡ್ ನನಗೆ ಕಣ್ಣು ಹೊಡೆಯುವರು, ನಾನು ನಿಜವಾದ ಸ್ವರ ಮುಟ್ಟಿ ತೋರಿಸುವೆ, ಎಷ್ಟು ಜಾರಿದ್ದೇವೆಂದು ಕೇಳಿ ಅರವತ್ತು ಜನ ನಗುವರು. ಆಗ ನಾನೂ ನಗುತ್ತಿದ್ದೆ.

ಮಾರ್ಗಿತ್ ಹೆಂಗಸರ ಕೆಳಧ್ವನಿಯಲ್ಲಿ ಹಾಡುತ್ತಿದ್ದಳು. ಹಂಗೇರಿಯವಳು. ಐವತ್ತಾರರಲ್ಲಿ ಅಲ್ಲಿ ರಷ್ಯನ್ನರ ವಿರುದ್ಧ ಎದ್ದ ದಂಗೆಯಲ್ಲಿ ಅಣ್ಣನ ಜೊತೆ ಗಡಿ ದಾಟಿ ಬಂದು, ಮೂವತ್ತು ವರ್ಷ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಯೊಂದರಲ್ಲಿ ಬೀಗದ ಭಾಗ ಜೋಡಿಸಿದವಳು. ಮದುವೆಯಾಗಲಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವಳು, ಆದರೂ ನನ್ನ ಗೆಳತಿಯಾದಳು. ಹಂಗೇರಿಯ ಹಳ್ಳಿ ಹಾಡುಗಳನ್ನು ಅಲ್ಲಿಯ ಸಂಗೀತಗಾರರು ಕ್ವೈರಿಗೆಂದು ನಾಲ್ಕು ಧ್ವನಿಗಳಲ್ಲಿ ಕಟ್ಟಿದ್ದಾರೆ. ಇಂಗ್ಲೆಂಡಿನ ಕ್ವೈರುಗಳು ಅವನ್ನು ಇಂಗ್ಲಿಷ್ ಮಾತುಗಳಲ್ಲಿ ಹಾಡುವುದುಂಟು. ಹೆರಾಲ್ಡ್ ಒಂದು ಮಂಗಳವಾರ, "ನಮ್ಮಲ್ಲೇ ಮಾರ್ಗಿತ್ ಇರುವಾಗ ಇಂಗ್ಲಿಷ್ ಯಾಕೆ?" ಎಂದರು. ಅಲ್ಲಿಂದ ನಾಲ್ಕು ವರ್ಷ ನಮ್ಮ ಕ್ವೈರಿನ ಬೆನ್ನೆಲುಬು ಆ ಹಾಡುಗಳೇ ಆದವು.

ಇಂಗ್ಲಿಷಿನವರಿಗೆ ಆ ಭಾಷೆ ಕಬ್ಬಿಣದ ಕಡಲೆ. ನನಗೆ ಅಲ್ಲ. ಮಾತಿನ ಒತ್ತು ಮೊದಲಕ್ಷರಕ್ಕೆ. ಪ್ರತ್ಯಯಗಳು ನಮ್ಮ ಹಾಗೆ ಪದದ ಹಿಂದೆ ಅಂಟುತ್ತವೆ. ಹ್ರಸ್ವ ದೀರ್ಘ ತಪ್ಪಿದರೆ ಅರ್ಥವೇ ಬೇರೆ. ನಾನು ನನ್ನ ಪ್ರತಿಯಲ್ಲಿ ಸ್ವರಗಳ ಕೆಳಗೆ ಮಾತುಗಳನ್ನು ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದುಕೊಂಡೆ. ಮಾರ್ಗಿತ್ ಕನ್ನಡಕ ಹಾಕಿಕೊಂಡು ನೋಡಿದಳು.

"ಓದು" ಎಂದಳು. ಓದಿದೆ. ಅವಳು ಕನ್ನಡಕ ತೆಗೆದಳು.

"ಈ ದೇಶದಲ್ಲಿ ನನ್ನ ಭಾಷೆಯನ್ನು ಸರಿಯಾಗಿ ಹೇಳಿದ ಮೊದಲನೆಯವಳು ನೀನು. ಅರ್ಥ ಗೊತ್ತಿಲ್ಲದಿದ್ದರೂ!"

ಒಂದು ಹಾಡಿತ್ತು. ದೂರದ ಊರಿಗೆ ಮದುವೆಯಾಗಿ ಹೋದ ಹುಡುಗಿ ತವರಿಗೆ ಹೊರಟು ಅರ್ಧ ದಾರಿಯಲ್ಲಿ ನಿಂತುಕೊಳ್ಳುವ ಹಾಡು. ಐದೇ ಸ್ವರ, ನಮ್ಮ ಧಾನಿ ರಾಗದ್ದೇ. ಮೇಲೆ ಹಾಡಿದ ಸಾಲನ್ನೇ ಮತ್ತೆ ಐದು ಸ್ವರ ಕೆಳಗೆ ಹಾಡುತ್ತಾರೆ, ಹೇಳಿದ್ದನ್ನೇ ಇನ್ನೊಮ್ಮೆ ತನಗೆ ತಾನೇ ಹೇಳಿಕೊಂಡ ಹಾಗೆ. ಮಾರ್ಗಿತ್‌ಳ ತಾಯಿ ಜೋಳದ ತೆನೆ ಬಿಡಿಸುವಾಗ ಹಾಡುತ್ತಿದ್ದ ಹಾಡು ಅದು. ಹೆರಾಲ್ಡ್ ಅದರ ಮೊದಲ ನುಡಿಯನ್ನು ಮಾರ್ಗಿತ್ ಒಬ್ಬಳಿಗೇ ಕೊಟ್ಟರು. ಅವಳದು ತರಬೇತಿಯ ಕಂಠವಲ್ಲ, ತುಸು ಒರಟು. ಅವಳು ಹಾಡಿದ ಮೇಲೆ ಉಳಿದ ಐವತ್ತೊಂಬತ್ತು ಜನ ಸೇರುವಾಗ ನನ್ನ ತೋಳಿನ ಕೂದಲು ನಿಲ್ಲುತ್ತಿತ್ತು. ನಾನು ಸ್ವರ ಕೊಡುವ ಮೊದಲೇ ಅವಳು ಆ ಸ್ವರವನ್ನು ತುಟಿ ಮುಚ್ಚಿ ಗುನುಗುತ್ತಿದ್ದಳು, ಪ್ರತಿಸಲವೂ ಸರಿಯಾಗಿ. ಅದನ್ನು ನಾನು ಇನ್ನಷ್ಟು ಗಮನಿಸಬೇಕಿತ್ತು.

ಹೆರಾಲ್ಡ್‌ಗೆ ಪಾರ್ಶ್ವವಾಯು ಬಡಿದು ಲೀಡ್ಸಿನ ಮಗಳ ಮನೆಗೆ ಹೋದರು. ಅವರ ಜಾಗಕ್ಕೆ ಸೈಮನ್ ಬಂದ. ಮೂವತ್ತೈದು ವರ್ಷ, ಚುರುಕು, ದೊಡ್ಡ ಓದು. ಮೊದಲ ಸಂಜೆಯೇ ಎಲ್ಲರ ಹಾಡು ಕೇಳಿ, "ನೀವು ಒಂದು ಹಾಡು ಮುಗಿಸುವುದರೊಳಗೆ ಅರ್ಧ ಸ್ವರ ಕೆಳಗಿಳಿದಿರುತ್ತೀರಿ. ಇದರಲ್ಲಿ ನಗುವಂಥದ್ದು ಏನೂ ಇಲ್ಲ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮ್ಯಾಂಚೆಸ್ಟರಿನ ಸ್ಪರ್ಧೆಗೆ ಹೋಗಬೇಕು, ಧ್ವನಿಮುದ್ರಣ ಮಾಡಬೇಕು ಎಂದ. ಹಳೆಯ ಪಿಯಾನೊ ಹೋಗಿ ಎಲೆಕ್ಟ್ರಿಕ್ ಪಿಯಾನೊ ಬಂತು. ಅರವತ್ತೈದು ದಾಟಿದವರು ಪ್ರತಿವರ್ಷ ಧ್ವನಿಪರೀಕ್ಷೆ ಕೊಡಬೇಕೆಂಬ ನಿಯಮವೂ ಬಂತು.

ಶರಣ್ಯ, ನಿನ್ನ ಕೆಲಸದ ಕಾಗದದಲ್ಲಿ ಈ ಮಾತು ಬರೆದಿರುವುದಿಲ್ಲ, ಆದರೆ ಪರೀಕ್ಷೆಗೆ ನುಡಿಸುವವಳು ನೀನೇ. ಖಾಲಿ ಹಾಲ್. ಆ ತುದಿಯ ಮೇಜಿನಲ್ಲಿ ನಿರ್ದೇಶಕ. ಈ ತುದಿಯಲ್ಲಿ ನೀನು. ನಡುವೆ ಒಬ್ಬ ಮುದುಕಿ, ಒಳ್ಳೆಯ ಕಾರ್ಡಿಗನ್ ಸ್ವೆಟರ್ ಹಾಕಿಕೊಂಡು, ಕೈಚೀಲವನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಿರುತ್ತಾಳೆ. ನೀನು ಒಂದೊಂದೇ ಮೆಟ್ಟಿಲು ಏರಿಸುತ್ತ ಹೋಗಬೇಕು, ಅವಳ ಧ್ವನಿ ಒಡೆಯುವವರೆಗೆ.

ಮೊದಲ ವರ್ಷ ಜಾಯ್ಸ್ ಬಂದಳು. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದವಳು, ಎಪ್ಪತ್ತು ದಾಟಿತ್ತು. ಗಂಡ ತೀರಿಕೊಂಡ ಮೇಲೆ ಮಂಗಳವಾರವೊಂದೇ ಅವಳ ವಾರ. "ಲವ್, ನನಗೆ ನಿದ್ದೆ ಬಂದಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿ ನಡುವೆ ಹೋಗಿ ನಿಂತಳು.

ಹೊಸ ಪಿಯಾನೊದಲ್ಲಿ ಒಂದು ಗುಂಡಿ ಇತ್ತು. ಅದನ್ನು ಒತ್ತಿದರೆ ಬೆರಳು ಅದೇ ಕಪ್ಪು ಬಿಳಿ ಮನೆಗಳ ಮೇಲಿದ್ದರೂ ನಾದ ಮಾತ್ರ ಕೆಳಗೆ ಬರುತ್ತದೆ. ಎರಡು ಸಲ ಒತ್ತಿದೆ. ಒಂದು ಪೂರ್ತಿ ಸ್ವರ ಕೆಳಗೆ. ಕೇಳಿದ ಕೂಡಲೇ ಇದು ಇಂಥದ್ದೇ ಸ್ವರ ಎಂದು ಗುರುತಿಸುವ ಕಿವಿ ಕೆಲವರಿಗಷ್ಟೇ ಇರುತ್ತದೆ, ಸೈಮನ್‌ಗೆ ಇರಲಿಲ್ಲ. ನನ್ನ ಬೆರಳು ಎಷ್ಟು ಮನೆ ಏರಿತೆಂದು ನೋಡಿ, ಅವಳು ಅಷ್ಟು ಮೇಲೆ ಹಾಡಿದಳೆಂದು ಅವನು ಬರೆದುಕೊಳ್ಳುತ್ತಿದ್ದ. ಜಾಯ್ಸ್ ಪಾಸಾದಳು. ಅವಳಂಥ ಇನ್ನಿಬ್ಬರೂ ಪಾಸಾದರು. ನನಗೆ ಭಯವಾಗಲಿಲ್ಲ. ಹೆಮ್ಮೆಯಾಯಿತು, ಹೆರಾಲ್ಡ್ ಇದ್ದಿದ್ದರೆ ಮೆಚ್ಚುತ್ತಿದ್ದರು ಎಂದುಕೊಂಡೆ.

ಮರುವರ್ಷವೂ ಆ ಮೂವರಿಗೆ ಹಾಗೇ ಮಾಡಿದೆ. ಅದೇ ವರ್ಷ ಮಾರ್ಗಿತ್‌ಗೆ ಅರವತ್ತೈದು ತುಂಬಿತು. ಮ್ಯಾಂಚೆಸ್ಟರ್ ಸ್ಪರ್ಧೆಗೆ ಆ ತವರಿನ ಹಾಡೇ ಆಯ್ಕೆಯಾಗಿತ್ತು, ಮೊದಲ ನುಡಿ ಇನ್ನೂ ಅವಳದ್ದೇ ಇತ್ತು. ಆ ಚಳಿಗಾಲವಿಡೀ ಅವಳಿಗೆ ಕೆಮ್ಮು. ಮೇಲಿನ ಸ್ವರದಲ್ಲಿ ಧ್ವನಿ ಸೀಳುತ್ತಿತ್ತು, ಬ್ರೇಕಿನಲ್ಲಿ ಚಹ ಕುಡಿಯುತ್ತ ಅವಳು ಹಾಡಿಕೊಂಡಾಗ ನಾನದನ್ನು ಕೇಳಿದ್ದೆ. ಅವಳು ಪರೀಕ್ಷೆಗೆ ಬಂದು ನಿಂತಾಗ ನನ್ನ ಎಡಗೈ ತಾನಾಗಿಯೇ ಗುಂಡಿಯ ಮೇಲೆ ಹೋಯಿತು.

"ನಿಮ್ಮ ನುಡಿಯನ್ನೇ ಹಾಡಿ" ಎಂದ ಸೈಮನ್.

ನಾನು ಸ್ವರ ಕೊಟ್ಟೆ. ಮಾರ್ಗಿತ್ ಬಾಯಿ ತೆರೆದವಳು ಹಾಗೇ ಮುಚ್ಚಿದಳು. ನನ್ನ ಕಡೆ ತಿರುಗಿದಳು.

"ಇದು ಕೆಳಗಿದೆ."

"ಸರಿಯಾಗೇ ಇದೆ ಮಾರ್ಗಿತ್. ಹಾಡು" ಎಂದೆ.

"ಇಲ್ಲ. ಇದು ಒಂದು ಸ್ವರ ಕೆಳಗಿದೆ. ಹಾಡು ಎಲ್ಲಿದೆಯೋ ಅಲ್ಲೇ ನುಡಿಸು."

ಸೈಮನ್ ಎದ್ದು ಬಂದ. ಆ ಗುಂಡಿ ಒತ್ತಿದಾಗ ಪಿಯಾನೊದ ಮೇಲೆ ಹತ್ತುವ ಸಣ್ಣ ಕೆಂಪು ದೀಪ ನೋಡಿದ. ಗುಂಡಿ ಒತ್ತಿ ಅದನ್ನು ಆರಿಸಿ, "ಈಗ ಕೊಡಿ" ಎಂದ. ಕೊಟ್ಟೆ. ಮಾರ್ಗಿತ್ ಹಾಡಿದಳು. ಮೊದಲ ಸಾಲಿನ ಮೇಲಿನ ಸ್ವರದಲ್ಲಿ ಧ್ವನಿ ಒಡೆಯಿತು. ನಿಲ್ಲಿಸಲಿಲ್ಲ, ನಾಲ್ಕೂ ಸಾಲು ಮುಗಿಸಿದಳು. "ಥ್ಯಾಂಕ್ಯೂ" ಎಂದು ಕೈಚೀಲ ಎತ್ತಿಕೊಂಡು ಹೋದಳು. ನನ್ನ ಕಡೆ ನೋಡಲಿಲ್ಲ.

ಬಾಗಿಲು ಮುಚ್ಚಿದ ಮೇಲೆ ಸೈಮನ್ ಕೇಳಿದ: "ಇನ್ನು ಯಾರ್ಯಾರಿಗೆ ಮಾಡಿದ್ದೀರಿ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಧೈರ್ಯದಿಂದಲ್ಲ, ಹೆದರಿ ಮೂರೂ ಹೆಸರು ಹೇಳಿಬಿಟ್ಟೆ. ಮುಂದಿನ ವಾರ ಆ ಮೂವರನ್ನೂ ಮತ್ತೆ ಕರೆಸಿದ. ನಾನೇ ನುಡಿಸಬೇಕಾಯಿತು, ಅವನು ಪಕ್ಕದಲ್ಲೇ ನಿಂತಿದ್ದ. ಮೂವರೂ ಹೋದರು, ಮಾರ್ಗಿತ್ ಸೇರಿ ನಾಲ್ವರು. ಜಾಯ್ಸ್ ಹೋಗುವಾಗ ನನ್ನ ಭುಜ ತಟ್ಟಿದಳು. ಅದಕ್ಕಿಂತ ಅವಳು ಬೈದಿದ್ದರೆ ವಾಸಿಯಿತ್ತು. ನನ್ನನ್ನು ಮಾತ್ರ ಅವನು ತೆಗೆಯಲಿಲ್ಲ. ಸ್ಪರ್ಧೆಗೆ ಆರು ವಾರವಿತ್ತು, ಬೇರೆ ಯಾರೂ ಅಷ್ಟು ಬೇಗ ಸಿಗುವಂತಿರಲಿಲ್ಲ.

ಆ ದಿನ ಮನೆಯಲ್ಲಿ ಎಲ್ಲ ಹೇಳಿಕೊಂಡೆ. ಪ್ರಭಾಕರ ರೊಟ್ಟಿ ಮುರಿಯುತ್ತ ಕೇಳಿದರು.

"ನೀ ಮಾಡಿದ್ದು ತಪ್ಪು ನೋಡು. ನಾಳಿ ನಾ ಪೇಶಂಟಿನ ಬಿ.ಪಿ. ಹೆಚ್ಚೈತಿ ಅಂತ ಗೊತ್ತಿದ್ರೂ, ಪಾಪ ಅಂತ ಕಡಿಮಿ ಬರದ್ರ ಹೆಂಗ?"

"ಅದು ರೋಗ. ಇದು ಹಾಡು ರೀ. ಹಾಡಿನಾಗ ಯಾರೂ ಸಾಯೂದಿಲ್ಲ."

"ಹಂಗಾದ್ರ ನೀ ಯಾಕ ಅಳಾಕತ್ತಿ?"

ಮಗಳು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಇಟ್ಸ್ ಓನ್ಲಿ ಎ ಕ್ವೈರ್, ಮಮ್" ಎಂದಳು.

ಮ್ಯಾಂಚೆಸ್ಟರಿಗೆ ಬಸ್ಸಿನಲ್ಲಿ ಹೋದೆವು. ಮಾರ್ಗಿತ್‌ಳ ನುಡಿ ಹಾಡಲು ಸಂಗೀತ ಕಾಲೇಜಿನ ಹುಡುಗಿಯೊಬ್ಬಳನ್ನು ಸೈಮನ್ ಕರೆತಂದಿದ್ದ. ಕಂಠ ಬೆಳ್ಳಿಯ ಹಾಗಿತ್ತು, ಆ ಹುಡುಗಿಯ ಮೇಲೆ ನನಗೆ ದೂರಿಲ್ಲ. ಆದರೆ ಒಂದು ಪದವಿತ್ತು: "ಹಝ" ಎಂದರೆ "ಮನೆಯ ಕಡೆಗೆ". ಅದನ್ನೇ "ಹಾಝ" ಎಂದು ಎಳೆದರೆ "ಅವನ ಮನೆ" ಎಂದಾಗುತ್ತದೆ. ಹುಡುಗಿ ಎಳೆಯುತ್ತಿದ್ದಳು. ಅಭ್ಯಾಸದಲ್ಲಿ ನಾನು ಕೈ ಎತ್ತಿ ಸೈಮನ್‌ಗೆ ಹೇಳಿದೆ.

"ಯಾರು ಹೇಳಿದರು ನಿಮಗೆ?" ಎಂದ.

"ಮಾರ್ಗಿತ್."

"ಆ ಎಳೆತದಲ್ಲಿ ನಾದ ಚೆನ್ನಾಗಿ ತೆರೆದುಕೊಳ್ಳುತ್ತದೆ. ಇರಲಿ ಬಿಡಿ."

ಹಾಗಾಗಿ ತವರಿಗೆ ಹೊರಟ ಹುಡುಗಿ ಮ್ಯಾಂಚೆಸ್ಟರಿನ ಸಭಾಂಗಣದಲ್ಲಿ ತವರಿಗೆ ಹೊರಡಲೇ ಇಲ್ಲ, ಯಾವನದೋ ಮನೆಯ ಮಾತಾಡಿದಳು. ನಾನು ಪಕ್ಕದ ಬಾಗಿಲ ಹತ್ತಿರ ಕೂತು ಕೇಳಿದೆ. ಸ್ಪರ್ಧೆಗೆಂದು ಸೈಮನ್ ನಮ್ಮಲ್ಲಿ ಆರಿಸಿಕೊಂಡಿದ್ದ ನಲವತ್ತು ಯುವ ಕಂಠಗಳು, ಶ್ರುತಿ ಕೂದಲೆಳೆಯಷ್ಟೂ ಜಾರಲಿಲ್ಲ. ತುಂಬ ಸುಂದರವಾಗಿತ್ತು ಎಂದು ಒಪ್ಪಿಕೊಳ್ಳಲು ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲ ಬಹುಮಾನ ಬಂತು. ತೀರ್ಪುಗಾರರು ವೇದಿಕೆಯಿಂದಲೇ ನಮ್ಮ ಹಂಗೇರಿಯನ್ ಉಚ್ಚಾರಣೆಯನ್ನು ವಿಶೇಷವಾಗಿ ಹೊಗಳಿದರು. ಸೈಮನ್ ತಲೆಬಾಗಿ ಸ್ವೀಕರಿಸಿದ. ಕಲಿಸಿದವಳ ಹೆಸರು ಅವನ ಬಾಯಲ್ಲಿ ಬರಲಿಲ್ಲ. ನಾನೂ ಎದ್ದು ನಿಂತು ಹೇಳಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು, ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ಆ ಬೇಸಿಗೆಯಲ್ಲಿ ಜಾಯ್ಸ್‌ಳಿಂದ ಒಂದು ಕಾರ್ಡು ಬಂತು. "ಮೊದಲ ವರ್ಷವೇ ನನಗೆ ಅನುಮಾನ ಬಂದಿತ್ತು ಲವ್. ಅಷ್ಟು ಸುಲಭವಾಗಿ ನಾನು ಕಳೆದ ಇಪ್ಪತ್ತು ವರ್ಷದಲ್ಲಿ ಹಾಡಿರಲಿಲ್ಲ. ಒಂದು ವರ್ಷ ಹೆಚ್ಚಿಗೆ ಸಿಕ್ಕಿತು. ಥ್ಯಾಂಕ್ಸ್." ಅವಳಿಗೆ ಕೋಪವಿರಲಿಲ್ಲ. ಚಳಿಗಾಲ ಬರುವ ಮೊದಲೇ ತೀರಿಕೊಂಡಳು.

ನನ್ನ ಕೆಲಸ ಹೋದದ್ದು ಇನ್ನೂ ಮೂರು ವರ್ಷಕ್ಕೆ. ಆ ಹೊತ್ತಿಗೆ ಒಂದೊಂದು ಧ್ವನಿಯ ಸಾಲನ್ನೂ ಬೇರೆಯಾಗಿ ಮುದ್ರಿಸಿದ ಸಿ.ಡಿ.ಗಳು ಬಂದಿದ್ದವು. ಜನ ಕಾರಿನಲ್ಲಿ, ಇಸ್ತ್ರಿ ಮಾಡುವಾಗ ಕೇಳಿ ಕಲಿತು ಬರುತ್ತಿದ್ದರು. ಎರಡು ಗಂಟೆ ಕೂತು ಹತ್ತು ನಿಮಿಷ ನುಡಿಸಿದ ದಿನಗಳೂ ಇದ್ದವು. ಒಂದು ಮಂಗಳವಾರ ಮಧ್ಯಾಹ್ನ ಸೈಮನ್‌ನ ಇಮೇಲ್ ಬಂತು: ಇನ್ನು ಮುಂದೆ ಅಗತ್ಯವಿದ್ದಾಗ ಮಾತ್ರ ಕರೆಯುತ್ತೇವೆ. ಆ ಅಗತ್ಯ ಬರಲೇ ಇಲ್ಲ. ಇದಕ್ಕೆ ನಾನು ಅವನನ್ನು ಹೆಚ್ಚು ದೂರುವುದಿಲ್ಲ. ಎದುರಿಗೆ ನಿಂತು ಹೇಳದೆ ಇಮೇಲಿನಲ್ಲಿ ಹೇಳಿದ್ದಕ್ಕೆ ದೂರುತ್ತೇನೆ.

ಮಂಗಳವಾರ ಖಾಲಿಯಾದ ಮೇಲೆ, ಮೂರು ವರ್ಷ ಮುಂದೂಡಿದ್ದ ಕೆಲಸವೊಂದಕ್ಕೆ ನೆಪ ಉಳಿಯಲಿಲ್ಲ. ಮಾರ್ಗಿತ್‌ಳ ಮನೆಗೆ ಹೋದೆ. ನಗರಸಭೆಯ ಬಾಡಿಗೆ ಫ್ಲಾಟು, ನಾಲ್ಕನೇ ಮಹಡಿ. ಬಾಗಿಲು ತೆರೆದವಳು ಆಶ್ಚರ್ಯಪಡಲಿಲ್ಲ. ಚಹ ಮಾಡಿದಳು, ಗಸಗಸೆ ಸುರುಳಿ ಹಾಕಿದ ಕೇಕು ಕೊಟ್ಟಳು. ನಾನು ದಾರಿಯಲ್ಲೆಲ್ಲ ಹೊಂದಿಸಿಕೊಂಡು ಬಂದ ಮಾತನ್ನು ಹೇಳಿದೆ.

"ನಿನ್ನನ್ನು ಉಳಿಸಬೇಕು ಅಂತ ಮಾಡಿದೆ ಮಾರ್ಗಿತ್. ಆ ನುಡಿ ನಿನ್ನದು. ಬೇರೆಯವರ ಬಾಯಲ್ಲಿ ಅದನ್ನು ಕೇಳೋಕೆ ನನಗೆ ಆಗ್ತಿರಲಿಲ್ಲ."

"ಗೊತ್ತು" ಎಂದಳು. "ಪರೀಕ್ಷೆಯಲ್ಲಿ ಬಿದ್ದದ್ದಕ್ಕೆ ನನಗೆ ಬೇಜಾರಿಲ್ಲ. ಧ್ವನಿ ಹೋಗಿತ್ತು. ಹೋಗುತ್ತದೆ."

"ಮತ್ತೆ ಯಾಕೆ ಅಂದು ನನ್ನ ಕಡೆ ನೋಡಲಿಲ್ಲ?"

ಅವಳು ಕಪ್ಪು ಕೆಳಗಿಟ್ಟಳು.

"ಈ ದೇಶಕ್ಕೆ ಬಂದು ಐವತ್ತು ವರ್ಷ ಆಯ್ತು. ಅಂಗಡಿಯವನು, ಫ್ಯಾಕ್ಟರಿ ಫೋರ್‌ಮನ್, ನನ್ನ ಡಾಕ್ಟರು, ಎಲ್ಲರೂ ನನ್ನ ಹತ್ತಿರ ಇವತ್ತಿಗೂ ನಿಧಾನವಾಗಿ, ಜೋರಾಗಿ ಮಾತಾಡ್ತಾರೆ. ಪಾಪ, ಇವಳಿಗೆ ತಿಳಿಯಲ್ಲ ಅಂತ. ಕೆಟ್ಟವರಲ್ಲ ಅವರು. ಒಳ್ಳೆಯ ಮನಸ್ಸಿನಿಂದಲೇ ಮಾಡ್ತಾರೆ. ನೀನು ಅವರಲ್ಲಿ ಒಬ್ಬಳಲ್ಲ ಅಂದುಕೊಂಡಿದ್ದೆ."

ನನಗೂ ಈ ದೇಶದಲ್ಲಿ ಹಾಗೆಯೇ ಮಾತಾಡುತ್ತಾರೆ. ಆ ದನಿ ಕೇಳಿದಾಗ ಮೈ ಹೇಗೆ ಉರಿಯುತ್ತದೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ. ಕ್ಷಮೆ ಕೇಳಿದೆ. ಅವಳು ತಲೆಯಾಡಿಸಿದಳು, ಕ್ಷಮಿಸಿದ್ದೇನೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಲಿಫ್ಟಿನವರೆಗೆ ಬಂದು ಕಳಿಸಿಕೊಟ್ಟಳು. ಆಮೇಲೆ ಎರಡು ಸಲ ಫೋನು ಮಾಡಿದೆ, ಹವಾಮಾನದ ಮಾತಾಡಿದೆವು. ಮೂರನೆಯ ಸಲ ಬೇರೆ ಯಾರೋ ಎತ್ತಿ, ಅವಳು ತೀರಿಹೋಗಿ ಎರಡು ತಿಂಗಳಾಯಿತು ಎಂದರು.

ಇದು ಕೆಲಸ, ಶರಣ್ಯ. ನೀನು ಕೇಳಿದ್ದಕ್ಕೆ ಉತ್ತರ ಇಷ್ಟು ಉದ್ದವಾಯಿತು. ಆ ಗುಂಡಿಯನ್ನು ಒತ್ತಬೇಕೋ ಬೇಡವೋ ಎಂದು ನಾನು ನಿನಗೆ ಹೇಳಲಾರೆ. ಜಾಯ್ಸ್ ಮತ್ತೆ ಬಂದು ನಿಂತರೆ ಇವತ್ತೂ ಒತ್ತುತ್ತೇನೆ. ಆದರೆ ಮಾರ್ಗಿತ್‌ಳನ್ನು ನಾನು ಕೇಳಬೇಕಿತ್ತು. ಏಳು ವರ್ಷ ಪ್ರತಿ ಮಂಗಳವಾರ ಒಟ್ಟಿಗೆ ಚಹ ಕುಡಿದೆವು. ಪರೀಕ್ಷೆಗೆ ಹಿಂದಿನ ವಾರವೂ ಕುಡಿದೆವು. ಹಾಡು ಯಾವ ಸ್ವರದಿಂದ ಹಿಡಿಯಲಿ ಎಂದು ಒಂದು ಮಾತು ಕೇಳಲು ಎಷ್ಟು ಹೊತ್ತು ಬೇಕಿತ್ತು? ನಾನು ಕೇಳಲಿಲ್ಲ.